ಮೆದುಳನ್ನು ಕಾಯುವುದೆನ್ನುವ ತೋಳುಪಟ್ಟಿ
ತೋಳಿನ ರಕ್ತಸಂಚಾರವನ್ನು 5 ನಿಮಿಷ ತಡೆದು, ಮತ್ತೆ 5 ನಿಮಿಷ ಬಿಡುವ ಕ್ರಿಯೆಯನ್ನು ತಾನಾಗಿಯೇ ಐದು ಬಾರಿ ನಡೆಸುವ ಈ ಯಂತ್ರವನ್ನು, ವೈದ್ಯರ ಒಪ್ಪಿಗೆ ಪಡೆದು, ತಂದೆಯವರಿಗೆ ಎರಡು ತಿಂಗಳು ಬಳಸಿದ್ದೇವೆ. ಅಲ್ಪಕಾಲ ರಕ್ತದ ಕೊರತೆ ಅನುಭವಿಸಿದ ಅಂಗಾಂಶವು ಮುಂದಿನ ದೊಡ್ಡ ಕೊರತೆಯನ್ನು ಹೆಚ್ಚು ತಾಳಿಕೊಳ್ಳುತ್ತದೆ ಎಂಬುದನ್ನು 1986ರಲ್ಲಿ ನಾಯಿಗಳ ಹೃದಯದಲ್ಲಿ ತೋರಿಸಲಾಯಿತು; ತೋಳಿನಿಂದ ಹೊರಡುವ ನರಸಂಕೇತಗಳೂ ರಕ್ತದಲ್ಲಿ ಹರಿಯುವ ಅಂಶಗಳೂ ಮೆದುಳಿಗೆ ಅಂಥದೇ ಸಿದ್ಧತೆ ಕೊಡಬಹುದೆಂಬ ನಿರೀಕ್ಷೆಯೇ ಯಂತ್ರದ ಆಧಾರ. ಬಳಕೆ ಸರಳ, ಆದರೆ ತೋಳು ಜೋಮು ಹಿಡಿದು ನೋಯುತ್ತದೆ. ಪೆಟ್ಟಿಗೆಯ ಮೇಲಿನ "ಪಾರ್ಶ್ವವಾಯು ತಡೆಯುತ್ತದೆ" ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ; ಮುಂದಿನ ಎರಡು ಪ್ರಯೋಗಗಳು ನೋಡಿದ್ದು ಪಾರ್ಶ್ವವಾಯುವಾದ ಮೇಲಿನ ಚೇತರಿಕೆಯನ್ನು, ಅದರ ತಡೆಯನ್ನಲ್ಲ: ಚೀನಾದ 2022ರ ಪ್ರಯೋಗವೊಂದರಲ್ಲಿ, ಪಾರ್ಶ್ವವಾಯುವಾದ ಮೇಲೆ ಈ ಚಿಕಿತ್ಸೆ ಪಡೆದವರಲ್ಲಿ ಶೇ. 67 ಮಂದಿ ಚೆನ್ನಾಗಿ ಚೇತರಿಸಿಕೊಂಡರೆ, ಪಡೆಯದವರಲ್ಲಿ ಶೇ. 62, ಡೆನ್ಮಾರ್ಕಿನ 2023ರ ಪ್ರಯೋಗದಲ್ಲಿ ಲಾಭವೇ ಕಾಣಲಿಲ್ಲ. ರಕ್ತದೊತ್ತಡದ ಮಾತ್ರೆ ಬಿಟ್ಟು ಇದನ್ನು ನಂಬುವವರು ದಯವಿಟ್ಟು ಕೊಳ್ಳಬೇಡಿ.