ಗರ್ಭಿಣಿಯರ ಆನ್‌ಲೈನ್ ಕೋರ್ಸ್: ಪಾಠ ಚೆನ್ನಾಗಿದೆ, ತಪ್ಪೆಲ್ಲ ತಾಯಿಯದೇ ಅನ್ನುವ ಧಾಟಿ ಬೇಡ

ಕಿಡ್ನಿಯ ಪಾಠ ಒಂದಕ್ಕೇ ಈ ಕೋರ್ಸಿಗೆ ಸೇರಿದ್ದು ಸಾರ್ಥಕ ಅನ್ನಿಸಿತು. ಹೊಟ್ಟೆಯಲ್ಲಿದ್ದಾಗ ಆದದ್ದು ಐವತ್ತು, ಅರವತ್ತನೇ ವಯಸ್ಸಿನಲ್ಲೂ ಹೇಗೆ ಕಾಣಿಸಿಕೊಳ್ಳಬಹುದು ಅಂತ ತಿಳಿಸುವ ವಿಡಿಯೋ ಪಾಠಗಳಿವು. ನನಗೀಗ ಐದನೇ ತಿಂಗಳು. ಸೇರಲು ಇನ್ನೊಂದು ಕಾರಣವೂ ಇತ್ತು. ನಾನು ಹುಟ್ಟಿದಾಗ ಎರಡು ಕೆಜಿಯೂ ಇರಲಿಲ್ಲವಂತೆ. ಮೂವತ್ತು ತುಂಬುವ ಮೊದಲೇ ಬಿಪಿ ಬಂತು, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ್ದು.

ಆ ಪಾಠದ ಅನಿಮೇಷನ್ ಬಹಳ ಚೆನ್ನಾಗಿದೆ. ಒಂದು ನಾಳ ಕವಲೊಡೆಯುತ್ತಾ ಹೋಗುತ್ತದೆ, ತುದಿ ತುದಿಯಲ್ಲೂ ರಕ್ತ ಸೋಸುವ ನೆಫ್ರಾನ್‌ಗಳು ಮೂಡುತ್ತವೆ. ಸುಮಾರು 36 ವಾರಕ್ಕೆ ಆ ಕೆಲಸ ಮುಗಿಯುತ್ತದೆ. ದಿನ ತುಂಬಿ ಹುಟ್ಟಿದ ಮಗುವಿಗೆ ಆಮೇಲೆ ಹೊಸ ನೆಫ್ರಾನ್ ಒಂದೂ ಬರುವುದಿಲ್ಲ. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಸಾಮಾನ್ಯವಾಗಿ ಇವು ಕಡಿಮೆ ಇರುತ್ತವೆ. ಇರುವಷ್ಟು ನೆಫ್ರಾನ್‌ಗಳೇ ಜಾಸ್ತಿ ದುಡಿಯಬೇಕು, ಹಾಗಾಗಿ ಮುಂದೆ ಬಿಪಿ ಏರುವ ಸಾಧ್ಯತೆಯೂ ಹೆಚ್ಚು. ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ.

ಇತಿಹಾಸದ ಪಾಠವೂ ಇಷ್ಟವಾಯಿತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ ಮಕ್ಕಳು ಹುಟ್ಟಿದಾಗಿನ ತೂಕ, ವರ್ಷ ತುಂಬಿದಾಗಿನ ತೂಕ ಎರಡನ್ನೂ ಲೆಡ್ಜರಿನಲ್ಲಿ ಬರೆದಿಡುತ್ತಿದ್ದರು. ಸಂಶೋಧಕ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಆ ಲೆಡ್ಜರುಗಳನ್ನು ಹಿಡಿದು, 1911ರಿಂದ 1930ರೊಳಗೆ ಹುಟ್ಟಿದ 5,654 ಗಂಡಸರು ಮುಂದೆ ಏನಾದರು ಅಂತ ಹುಡುಕಿದರು. 1989ರಲ್ಲಿ ಪ್ರಕಟಿಸಿದರು. ಹುಟ್ಟಿದಾಗಲೂ ವರ್ಷ ತುಂಬಿದಾಗಲೂ ತೀರಾ ಕಡಿಮೆ ತೂಕವಿದ್ದವರಲ್ಲೇ ಹೃದಯದ ಕಾಯಿಲೆಯಿಂದ ಸತ್ತವರು ಜಾಸ್ತಿ.

ಆಮೇಲೆ ನೆದರ್ಲೆಂಡ್ಸ್. 1944–45ರ ಚಳಿಗಾಲದಲ್ಲಿ ನಾಜಿ ಸೇನೆಯ ಹಿಡಿತದಲ್ಲಿದ್ದ ಪಶ್ಚಿಮ ಭಾಗದಲ್ಲಿ ದಿನದ ರೇಷನ್ ಸಾವಿರ ಕ್ಯಾಲರಿಗಿಂತ ಕೆಳಗಿಳಿದಿತ್ತು. ಗರ್ಭದ ಕೊನೆಯ ತಿಂಗಳುಗಳಲ್ಲಿ ಹಸಿವಿಗೆ ಸಿಕ್ಕ ಮಕ್ಕಳು ಸಣ್ಣಗೆ ಹುಟ್ಟಿದರು. ಮೊದಲ ತಿಂಗಳುಗಳಲ್ಲಿ ಸಿಕ್ಕವರ ತೂಕ ಹುಟ್ಟುವಾಗ ಸರಿಯಾಗಿಯೇ ಇತ್ತು, ಆದರೂ ದೊಡ್ಡವರಾದ ಮೇಲೆ ಅವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ತೂಕ ನೋಡಿ ಎಲ್ಲವನ್ನೂ ಹೇಳಲಾಗದು ಅನ್ನುವುದು ನನಗೆ ಇಲ್ಲಿ ಅರ್ಥವಾಯಿತು.

ಆ ತಾಯಂದಿರು ಬೇಕಂತ ಉಪವಾಸ ಇದ್ದರಾ? ಯುದ್ಧ ಅವರ ಅನ್ನ ಕಿತ್ತುಕೊಂಡಿತ್ತು. ಇದನ್ನು ಇಷ್ಟು ಚೆನ್ನಾಗಿ ಹೇಳಿದ ಕೋರ್ಸೇ ಮುಂದಿನ ಪಾಠದಲ್ಲಿ "ನಿಮ್ಮ ಮಗುವಿನ ಕಾಯಿಲೆ, ಆರೋಗ್ಯ ಎರಡೂ ನಿಮ್ಮ ಕೈಯಲ್ಲಿದೆ" ಅಂದುಬಿಡುತ್ತದೆ. ಆ ಪಾಠ ನೋಡುವಾಗ ಅಮ್ಮ ಪಕ್ಕದಲ್ಲಿ ಕೂತಿದ್ದರು. ವಿಡಿಯೋ ನಿಲ್ಲಿಸಲು ಹೇಳಿದರು. "ಹಾಗಾದ್ರೆ ನಿನ್ನ ಬಿಪಿ ನನ್ನಿಂದ ಬಂದಿದ್ದಾ?" ಅಂತ ಕೇಳಿದರು. ನನಗೆ ನಿಜಕ್ಕೂ ಸಿಟ್ಟು ಬಂತು. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ಮಾಸು (ಪ್ಲಾಸೆಂಟಾ) ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಮಗುವಿಗೆ ರಕ್ತ ಸಾಕಷ್ಟು ಹೋಗುತ್ತಿರಲಿಲ್ಲ. ಅದಕ್ಕೆ ಯಾರು ಏನು ಮಾಡಬೇಕಿತ್ತು? ಮಾಸಿನ ತೊಂದರೆ ಬಗ್ಗೆ ಇಡೀ ಕೋರ್ಸಿನಲ್ಲಿ ಒಂದೆರಡು ಮಾತು ಮಾತ್ರ. ಪಕ್ಕದಲ್ಲಿ ಕೂತು ಸಿಗರೇಟು ಸೇದುವ ಗಂಡನ ವಿಷಯ ಅಷ್ಟೂ ಇಲ್ಲ. ಕಡಿಮೆ ತೂಕದಲ್ಲಿ ಹುಟ್ಟಿದರೆ ಅಪಾಯ ಹೆಚ್ಚು ಅಂದರೆ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ಅದನ್ನಾದರೂ ಒತ್ತಿ ಹೇಳಬೇಕಿತ್ತು.

ಫೋಲಿಕ್ ಆಸಿಡ್ ಪಾಠದಲ್ಲಿ ಮಾಹಿತಿ ಸರಿ, ಹೇಳಿದ ಹೊತ್ತು ಸರಿಯಿಲ್ಲ. ಮಗುವಿನ ಮಿದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನರಿಗೆ ಆಗಿನ್ನೂ ಬಸುರಿ ಅಂತಲೇ ಗೊತ್ತಿರುವುದಿಲ್ಲ ಅಲ್ವಾ? ಆ ನಾಳ ಸರಿಯಾಗಿ ಮುಚ್ಚಿಕೊಳ್ಳಲಿ ಅಂತ ಕೊಡುವ ಫೋಲಿಕ್ ಆಸಿಡ್, ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ, ಅದಕ್ಕೂ ಮೊದಲೇ ಶುರುವಾಗಿರಬೇಕು. ಮಕ್ಕಳು ಬೇಕು ಅಂದುಕೊಂಡವರಿಗೆ ಈ ಒಂದು ಪಾಠವನ್ನು ಬೇರೆಯಾಗಿ ಕೊಡಲಿ.

ಕೊನೆಯ ಪಾಠ ನೋಡಲೇಬೇಡಿ. ಹಸಿವಿನ ಆ ಚಳಿಗಾಲದಲ್ಲಿ ಗರ್ಭದಲ್ಲಿದ್ದವರ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳಲ್ಲಿ ಅರವತ್ತು ವರ್ಷದ ನಂತರವೂ ವ್ಯತ್ಯಾಸ ಕಂಡಿದ್ದು ನಿಜ, 2008ರಲ್ಲಿ ಪ್ರಕಟವಾಗಿದೆ. ಅದನ್ನೇ ತೋರಿಸಿ "ನಿಮ್ಮ ಮಗುವಿನ ಜೀನ್ ಸರಿಪಡಿಸುವ ಪ್ಯಾಕೇಜ್" ಮಾರಲು ಬರುತ್ತಾರೆ. ಅಂಥ ಗುರುತು ಕಂಡಿತು ಅನ್ನುವುದಕ್ಕೂ ಅದನ್ನು ಪುಡಿ, ಮಾತ್ರೆಯಿಂದ ತಿದ್ದಬಹುದು ಅನ್ನುವುದಕ್ಕೂ ಸಂಬಂಧವೇ ಇಲ್ಲ. ಭಯದಲ್ಲಿರುವ ಹೆಂಗಸರಿಗೆ ಹೀಗೆ ಮಾರುವುದು ಅನ್ಯಾಯ.

ನನಗಾದ ದೊಡ್ಡ ಉಪಯೋಗ ಅಂದರೆ, ಹುಟ್ಟಿದಾಗಿನ ತೂಕವನ್ನು ನನ್ನ ಡಾಕ್ಟರಿಗೆ ಹೇಳಿದೆ. ಅವರು ಬರೆದುಕೊಂಡರು, ಕಿಡ್ನಿ ಪರೀಕ್ಷೆಯನ್ನೂ ಸೇರಿಸಿದರು. ನಿಮ್ಮದು ಗೊತ್ತಿದ್ದರೆ ನೀವೂ ಹೇಳಿ, ಬಸುರಿಯಾಗಿರಬೇಕು ಅಂತೇನಿಲ್ಲ.

ಐದರಲ್ಲಿ ಮೂರು ಸ್ಟಾರ್. ಕೋರ್ಸ್ ಮಾಡಿದವರು ಇದನ್ನು ಓದುತ್ತಿದ್ದರೆ, ದಯವಿಟ್ಟು "ನಿಮ್ಮ ಕೈಯಲ್ಲಿದೆ" ಅನ್ನುವ ಆ ಪಾಠವನ್ನು ಮತ್ತೆ ರೆಕಾರ್ಡ್ ಮಾಡಿ. ಮಾಸಿನ ಬಗ್ಗೆ ಒಂದು ಪೂರ್ತಿ ಪಾಠ ಸೇರಿಸಿ. ಮಾಡಿದರೆ ಅಮ್ಮನನ್ನು ಮತ್ತೆ ಕೂರಿಸಿಕೊಂಡು ನೋಡುತ್ತೇನೆ, ಸ್ಟಾರನ್ನೂ ಬದಲಾಯಿಸುತ್ತೇನೆ.