ಬಸ್ ಆಕ್ಸಿಡೆಂಟ್ ಕ್ಲೇಮಿಗೆ ದಾವಣಗೆರೆಲಿ ನಾವು ಹಿಡಿದ ವಕೀಲ್ರ ಆಫೀಸು
ಚಿತ್ರದುರ್ಗದ ಹತ್ರ ಹೈವೇ 48ರಲ್ಲಿ ಪ್ರೈವೇಟ್ ಬಸ್ ಪಲ್ಟಿಯಾಗಿ ಅಮ್ಮನ ಭುಜ ಮುರೀತು, ಕ್ಲೇಮಿಗೆ ಅಂತ ದಾವಣಗೆರೆ ಕೋರ್ಟ್ ಹತ್ರ ಇರೋ ಈ ಆಫೀಸಿಗೆ ಹೋದ್ವಿ. ವಕೀಲ್ರು ಮೊದಲು ಕೇಳಿದ್ದು ಫೀಸಲ್ಲ, ತಲೆಗೆ ಪೆಟ್ಟು ಬಿದ್ದಿತ್ತಾ, ವಾಂತಿ ಆಯ್ತಾ, ಡಾಕ್ಟ್ರಿಗೆ ಇನ್ನೊಂದ್ಸಲ ತೋರಿಸಿದ್ರಾ ಅಂತ! ಆಮೇಲೆ ಎಫ್‌ಐಆರ್ ಕಾಪಿ, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟ್ರು ಕೊಡೋ ಪತ್ರ), ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಬಿಲ್ಲು, ಬಸ್ ಟಿಕೆಟ್ಟು ಎಲ್ಲಾ ಒಂದೇ ಫೈಲಲ್ಲಿ ಇಡ್ಸಿದ್ರು, ಯಾರೇ ಬಂದು ಖಾಲಿ ಪೇಪರ್‌ಗೆ ಸೈನ್ ಕೇಳಿದ್ರೂ ಹಾಕ್ಲೇಬೇಡಿ ಅಂದ್ರು. 2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೇಲಿ ಕ್ಲೇಮ್ ಹಾಕೋಕೆ ಆಕ್ಸಿಡೆಂಟ್ ಆದ ದಿನದಿಂದ 6 ತಿಂಗಳ ಗಡುವು ಇದೆಯಂತೆ, ಆಕ್ಸಿಡೆಂಟ್ ಬೇರೆ ಜಿಲ್ಲೇಲಿ ಆದ್ರೂ ನಾವಿರೋ ಕಡೆ ಟ್ರಿಬ್ಯೂನಲ್‌ನಲ್ಲೇ (ಆಕ್ಸಿಡೆಂಟ್ ಪರಿಹಾರದ ಕೇಸು ನೋಡೋ ಕೋರ್ಟು) ಕೇಸ್ ಹಾಕ್ಬೋದು. ಫೋನ್ ಮಾತ್ರ ಎತ್ತೋದೇ ಇಲ್ಲ, ಅದಕ್ಕೆ ಒಂದು ಸ್ಟಾರ್ ಕಟ್. ಫೀಸು ಕೊಡೋಕಾಗದ ಹೆಣ್ಮಕ್ಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಫ್ರೀಯಾಗಿ ವಕೀಲ್ರನ್ನ ಕೊಡ್ತಾರೆ.