ಅಂತರ್ಯುದ್ಧದ ಚರ್ಚಾ ತರಬೇತಿ: ಮೂಲದಾಖಲೆಗೆ ಪೂರ್ಣ ಅಂಕ, ಸುಂಕದ ಹಾಳೆಗೆ ಸೊನ್ನೆ

ಮಂಗಳೂರಿನ ಬಲ್ಮಠದ ಕಡೆ ಕಾಲೇಜು ಮಕ್ಕಳಿಗೆ ಎರಡು ಶನಿವಾರ ನಡೆಯುವ ಚರ್ಚಾ ತರಬೇತಿ ಇದು. ವಿಷಯ: ‘ಅಮೆರಿಕದ ಅಂತರ್ಯುದ್ಧಕ್ಕೆ ಗುಲಾಮಗಿರಿಯೇ ಕಾರಣ’. ಮೊದಲ ವಾರ ಪರ ಮಾತಾಡಿದವರು ಮುಂದಿನ ವಾರ ವಿರೋಧ ಮಾತಾಡಬೇಕು. ನಿನ್ನೆ ರಾಮನ ಅರ್ಥ ಹೇಳಿದವರು ಇವತ್ತು ವಾಲಿಯ ಅರ್ಥ ಹೇಳುವ ತಾಳಮದ್ದಳೆಯ ಊರಿನಲ್ಲಿ ಇದೇನೂ ಹೊಸತಲ್ಲ.

ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಮೂಲದಾಖಲೆಗಳ ಕಟ್ಟು. ‘ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ’ ಎನ್ನುವವರಿಗೆ ದಕ್ಷಿಣದವರ ಕಾಗದಗಳೇ ಜವಾಬು. 1860ರ ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಕೂಟದಿಂದ ಮೊದಲು ಹೊರನಡೆದ ದಕ್ಷಿಣ ಕ್ಯಾರೊಲಿನಾದ ದೂರು ಏನು? ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದೊಪ್ಪಿಸುತ್ತಿಲ್ಲ ಎಂದು. ಉತ್ತರದವರು ತಮ್ಮ ರಾಜ್ಯದ ಹಕ್ಕು ಚಲಾಯಿಸಿದ್ದೇ ತಪ್ಪಾಯಿತು! ಮಿಸಿಸಿಪ್ಪಿಯಂತೂ ತನ್ನ ನಿಲುವು ಗುಲಾಮಗಿರಿಯೊಂದಿಗೆ ಪೂರ್ತಿ ಬೆಸೆದುಕೊಂಡಿದೆ ಎಂದೇ ಬರೆದುಕೊಂಡಿತು. ಬಿಟ್ಟುಹೋದ ರಾಜ್ಯಗಳು ಕಟ್ಟಿಕೊಂಡ ದಕ್ಷಿಣ ಒಕ್ಕೂಟದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾಡಿದ ‘ಮೂಲೆಗಲ್ಲು’ ಭಾಷಣವೂ ಕಟ್ಟಿನಲ್ಲಿದೆ. ಕಪ್ಪುಜನ ಬಿಳಿಯರಿಗೆ ಸಮನಲ್ಲ ಎಂಬುದೇ ಹೊಸ ಸರ್ಕಾರದ ಬುನಾದಿ ಎಂದು ಅಲ್ಲಿ ಬಾಯಿಬಿಟ್ಟು ಹೇಳಿದ್ದಾರೆ.

ಕೆಟ್ಟಿರುವುದು ಸುಂಕದ ಹಾಳೆ. ವಿದೇಶಿ ಸರಕಿನ ಸುಂಕ ಏರಿಸಿದ ಮಾರಿಲ್ ಕಾಯ್ದೆಯಿಂದ ಬೇಸತ್ತು ದಕ್ಷಿಣ ಹೊರನಡೆಯಿತು ಎಂದು ಅದರಲ್ಲಿದೆ. ಕಾಯ್ದೆಗೆ ಸಹಿ ಬಿದ್ದದ್ದು 1861ರ ಮಾರ್ಚ್ 2ರಂದು. ಅಷ್ಟರಲ್ಲಿ ಏಳು ರಾಜ್ಯಗಳು ಪ್ರತ್ಯೇಕತೆಯ ನಿರ್ಣಯ ಮಾಡಿಯಾಗಿತ್ತು. ಅವರ ಸೆನೆಟರ್‌ಗಳು ಎದ್ದುಹೋದದ್ದರಿಂದಲೇ ಕಾಯ್ದೆ ಪಾಸಾಗುವ ದಾರಿ ಸಲೀಸಾಯಿತು. ಅವರು ಹೊರಡುವಾಗ ಜಾರಿಯಲ್ಲಿದ್ದದ್ದು 1857ರ ಕಡಿಮೆ ದರದ ಸುಂಕ. ವಿರೋಧದ ತಂಡ ಈ ಹಾಳೆ ನಂಬಿ ವೇದಿಕೆ ಹತ್ತಿದರೆ ಮೊದಲ ಮರುಪ್ರಶ್ನೆಗೇ ಕೆಳಗಿಳಿಯಬೇಕು. ಸುಂಕದ ವಾದ ಬೇಕೇ ಬೇಕೆಂದರೆ ಕೇಂದ್ರದ ಸುಂಕ ನಮ್ಮಲ್ಲಿ ನಡೆಯದು ಎಂದು 1832–33ರಲ್ಲಿ ದಕ್ಷಿಣ ಕ್ಯಾರೊಲಿನಾ ತೆಗೆದ ಜಗಳದಿಂದ ಶುರುಮಾಡಿ.

ತೀರ್ಪುಗಾರರು ಒಂದು ಗೆರೆ ಎಳೆದುಕೊಟ್ಟಿದ್ದರೆ ಚೆನ್ನಾಗಿತ್ತು. ದಕ್ಷಿಣ ಯಾಕೆ ಬಿಟ್ಟುಹೋಯಿತು, ಉತ್ತರ ಯಾಕೆ ಯುದ್ಧಕ್ಕಿಳಿಯಿತು: ಇವು ಬೇರೆಬೇರೆ ಪ್ರಶ್ನೆಗಳು. 1861ರಲ್ಲಿ ಉತ್ತರ ಹೊರಟದ್ದು ಅಮೆರಿಕದ ಒಕ್ಕೂಟ ಉಳಿಸಲು. ಗುಲಾಮಗಿರಿಯಿದ್ದ ಡೆಲಾವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ ಒಕ್ಕೂಟದಲ್ಲೇ ಉಳಿದವು. ಇದು ವಿರೋಧದವರ ಗಟ್ಟಿ ದಾಳ. ಆದರೆ ಬಿಟ್ಟುಹೋದ ಹನ್ನೊಂದರಲ್ಲಿ ಗುಲಾಮಗಿರಿ ಇಲ್ಲದ ರಾಜ್ಯ ಒಂದೂ ಇರಲಿಲ್ಲ. 1862ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲಿಂಕನ್ ಪತ್ರಿಕಾ ಸಂಪಾದಕ ಗ್ರೀಲಿಗೆ ಬರೆದ ಪತ್ರವನ್ನೂ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಎಂಬ ಮಾತು ಅದರಲ್ಲಿದೆ. ಆದರೆ ಗುಲಾಮರ ವಿಮೋಚನೆಯ ಘೋಷಣೆಯ ಕರಡನ್ನು ಅವರು ಆ ಪತ್ರಕ್ಕೆ ಮೊದಲೇ, ಜುಲೈ 22ರಂದೇ ಸಂಪುಟದ ಮುಂದಿಟ್ಟಿದ್ದರು ಎಂಬ ತಾರೀಕು ಕೈಯಲ್ಲಿರಲಿ.

ಕರಾವಳಿಯ ಕೊಂಡಿ ಎಲ್ಲೂ ಇಲ್ಲ. ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಲ್ಯಾಂಕಶೈರ್ ಬಟ್ಟೆ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೂ ಬಿತ್ತು; ಅದು ಹಡಗೇರುತ್ತಿದ್ದುದು ಕುಮಟಾದಿಂದ. ಅದು ಯುದ್ಧದ ಕಾರಣವಲ್ಲ, ಪರಿಣಾಮ ಅನ್ನಿ; ಆದರೂ ಪೀಠಿಕೆಗೆ ಹೇಳಿಸಿದಂತಿದೆ.

ಕನ್ನಡ ಟಿಪ್ಪಣಿಯ ರಕ್ಷಾಪುಟದಲ್ಲಿ ‘ಅಂತರ್ಯುದ್ಧ’ ಎನ್ನುವ ಬದಲು ‘ನಾಗರಿಕ ಯುದ್ಧ’ ಎಂದು ಅಚ್ಚಾಗಿದೆ. ಅದನ್ನೂ ಸುಂಕದ ಹಾಳೆಯನ್ನೂ ತಿದ್ದುವವರೆಗೆ ಮೂಲದಾಖಲೆಗಳ ಕಟ್ಟನ್ನಷ್ಟೇ ಕೇಳಿ ಪಡೆಯಿರಿ.